ನಾನು ಎಣಿಸಿದ ಖಾಲಿ ಬೋರ್ಡುಗಳು

ಇದನ್ನು ಬರೆಯುವಂತೆ ನನಗೆ ಹೇಳಿದವರು ಒಬ್ಬ ಹೆಂಗಸು. ಹತ್ತು ಜನ ಓದುವ ಹಾಗೆ ಬರೆಯಬೇಕು, ಸುತ್ತಿಬಳಸಿ ಬರೆಯಬಾರದು ಎಂದಿದ್ದಾರೆ. ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಮನೆಮಾತು ಕೊಂಕಣಿ, ಶಾಲೆಯದು ಕನ್ನಡ. ಊರಿಗೆ ಹಾಕಿದ ಕಾಗದಗಳನ್ನು ಬಿಟ್ಟರೆ ಇಷ್ಟುದ್ದ ಏನನ್ನೂ ಬರೆದವನಲ್ಲ. ಆದರೆ ನನ್ನ ತಪ್ಪು ಕೂಡ ಬರವಣಿಗೆಯಲ್ಲೇ ಆದದ್ದು. ಒಂದು ವರದಿ ಬರೆದೆ. ಅದರಿಂದ ನನ್ನ ಸಂಸಾರ ಒಂದಾಯಿತು, ನನ್ನ ಗೆಳೆಯನ ಕೆಲಸ ಕೈಬಿಟ್ಟಿತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಸ್ಕತ್ತಿನ ಘಾಲಾದಲ್ಲಿ ಗ್ಯಾರೇಜುಗಳ ಸಾಲಿನ ಹಿಂದೆ ನಮ್ಮ ಕಂಪನಿಯ ಗೋದಾಮು. ಕೆಳಗೆ ಕಂಪ್ಯೂಟರಿನ ಪೆಟ್ಟಿಗೆಗಳು, ಮೇಲೆ ಆಫೀಸು. ನನ್ನ ಬತಾಕದಲ್ಲಿ, ಅಂದರೆ ಇಲ್ಲಿಯ ಕೆಲಸದ ಕಾರ್ಡಿನಲ್ಲಿ, ಸ್ಟೋರ್ ಹೆಲ್ಪರ್ ಎಂದು ಬರೆದಿತ್ತು. ಆದರೆ ಉಡುಪಿಯಲ್ಲಿ ಟೈಪಿಂಗ್ ಕಲಿತಿದ್ದೆನಾದ್ದರಿಂದ ಪೆಟ್ಟಿಗೆ ಎತ್ತುವುದಕ್ಕಿಂತ ಹೆಚ್ಚಾಗಿ ಮೇಲೆ ಕುಳಿತು ಕಾಗದ ಪತ್ರ ಟೈಪ್ ಮಾಡುತ್ತಿದ್ದೆ.

ಮೇಲಿನ ಮೂಲೆಯ ಕೋಣೆಯಲ್ಲಿ ನನ್ನ ಗೆಳೆಯ ಇದ್ದ. ಗದಗ ಕಡೆಯವನು, ಇಂಜಿನಿಯರು. ಗಿರಾಕಿಗಳ ವೆಬ್‌ಸೈಟುಗಳನ್ನು ಇಟ್ಟಿದ್ದ ಒಂದೇ ಒಂದು ಯಂತ್ರವನ್ನು ನೋಡಿಕೊಳ್ಳುವುದು ಅವನ ಕೆಲಸ. ಓದಿನಲ್ಲಿ ನಮ್ಮಿಬ್ಬರಿಗೂ ಅಜಗಜಾಂತರ, ಆದರೆ ಆ ಕಟ್ಟಡದಲ್ಲಿ ಕನ್ನಡ ಆಡುವವರು ನಾವಿಬ್ಬರೇ. ಅವನು ಹೆಂಡತಿಯೊಡನೆ ಅಲ್ ಗುಬ್ರಾದಲ್ಲಿ ಒಂದು ಚಿಕ್ಕ ಫ್ಲ್ಯಾಟಿನಲ್ಲಿದ್ದ. ನಾನು ಆರು ಜನರಿದ್ದ ಕೋಣೆಯಲ್ಲಿದ್ದೆ. ಪ್ರತಿ ಶುಕ್ರವಾರ ಅವನ ಮನೆಯಲ್ಲಿ ನನಗೆ ಜೋಳದ ರೊಟ್ಟಿ. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ರೊಟ್ಟಿ ಮುರಿಯುವುದು ನನಗೆ ಬರುವುದಿಲ್ಲವೆಂದು ಅವರು ಮೊದಲ ತಿಂಗಳು ಪೂರ್ತಿ ನಕ್ಕರು.

ವೆಬ್ ಸರ್ವರ್ ಎಂದರೇನೆಂದು ನನಗೆ ಹೇಳಿಕೊಟ್ಟವನು ಅವನೇ. ನೀವು ವೆಬ್‌ಸೈಟಿನ ಹೆಸರು ಒತ್ತಿದಾಗ ಆ ಕಡೆ ಒಂದು ಯಂತ್ರದಲ್ಲಿ ಒಂದು ಸಾಫ್ಟ್‌ವೇರ್ ಎದ್ದು, ಬೇಕಾದ ಪುಟವನ್ನು ತಂದುಕೊಡುತ್ತದೆ. ಹೋಟೆಲಿನ ಮಾಣಿಯ ಕೆಲಸ ಎಂದು ನಾನು ಅರ್ಥ ಮಾಡಿಕೊಂಡೆ. ಅದರಲ್ಲಿ ಆಗ ಎರಡು ಪಂಗಡ. ಒಂದು, ಧರ್ಮಕ್ಕೆ ಸಿಗುವಂಥದು. ಎಲ್ಲೋ ಒಂದು ವಿಶ್ವವಿದ್ಯಾಲಯದಲ್ಲಿ ಬರೆದದ್ದನ್ನು, ಬರೆದವನು ಬಿಟ್ಟುಹೋದ ಮೇಲೆ, ಬಳಸುತ್ತಿದ್ದವರೇ ತೇಪೆ ಹಾಕಿ ಹಾಕಿ ಬೆಳೆಸಿದ್ದು. ಇನ್ನೊಂದು, ಒಂದು ದೊಡ್ಡ ಕಂಪನಿ ಮಾಡಿ ಮಾರುತ್ತಿದ್ದದ್ದು.

"ಮೊದಲಿಂದು ಕೌದಿ ಇದ್ದಂಗ, ದೋಸ್ತ" ಎಂದಿದ್ದ ಗೆಳೆಯ. "ಒಬ್ಬಾಕಿ ಹಳೇ ಸೀರಿ ಕೊಡ್ತಾಳ, ಒಬ್ಬಾಕಿ ಧೋತರದ ತುಂಡು ಕೊಡ್ತಾಳ, ನಾಕು ಮಂದಿ ಕುಂತು ಹೊಲೀತಾರ. ಹರದ್ರ ಮ್ಯಾಲೊಂದು ತ್ಯಾಪಿ."

"ಹಾಗಾದ್ರೆ ಎರಡನೇದು?"

"ಅದು ಅಂಗಡ್ಯಾಗಿನ ರಗ್ಗು. ಮೆತ್ತಗ ಐತಿ, ಛಂದ ಐತಿ, ಸುಳ್ಳು ಯಾಕ ಹೇಳ್ಲಿ. ಆದ್ರ ಹರದ್ರ ಅಂಗಡಿಯಾಂವ ಬರೂತನಕ ಕಾಯಬೇಕು."

ಅವತ್ತಿನಿಂದ ನಮ್ಮಿಬ್ಬರ ನಡುವೆ ಅವುಗಳ ಹೆಸರು ಕೌದಿ ಮತ್ತು ರಗ್ಗು. ದೂರದ ಯಾವುದೋ ದೇಶದಲ್ಲಿ ಯಾರೋ ಪ್ರತಿ ತಿಂಗಳು ಪ್ರಪಂಚದ ವೆಬ್‌ಸೈಟುಗಳನ್ನೆಲ್ಲ ವಿಚಾರಿಸಿ, ಯಾವುದು ಎಷ್ಟು ಕಡೆ ಇದೆ ಎಂದು ಗೆರೆ ಎಳೆದು ತೋರಿಸುತ್ತಿದ್ದರು. ಗೆಳೆಯ ಅದನ್ನು ಪ್ರಿಂಟ್ ತೆಗೆದು ಕಪಾಟಿಗೆ ಅಂಟಿಸುತ್ತಿದ್ದ. ಕೌದಿಯ ಗೆರೆ ಮೇಲೇರುತ್ತಿತ್ತು. ಆಫೀಸಿನವರು ಚಹಾ ಹಿಡಿದುಕೊಂಡು ಬಂದು, ಕ್ರಿಕೆಟ್ ಸ್ಕೋರು ಕೇಳುವ ಹಾಗೆ, ಈ ತಿಂಗಳು ಯಾರು ಮುಂದೆ ಎಂದು ಕೇಳಿ ಹೋಗುತ್ತಿದ್ದರು.

ಆಮೇಲೆ ಆಟ ಆಟವಾಗಿ ಉಳಿಯಲಿಲ್ಲ. ಕಂಪನಿ ಇನ್ನು ಮುಂದೆ ಎಲ್ಲ ಗಿರಾಕಿಗಳಿಗೂ ಒಂದೇ ಸರ್ವರ್ ಹಾಕಬೇಕೆಂದು ಮಾತು ಬಂತು. ಕೌದಿಯಾದರೆ ಗೆಳೆಯನ ಕೆಳಗೆ ಒಂದು ಹೊಸ ವಿಭಾಗ. ರಗ್ಗಾದರೆ ಸೇಲ್ಸ್ ವಿಭಾಗವೇ ನೋಡಿಕೊಳ್ಳುತ್ತದೆ, ಅವನ ಕೋಣೆಯ ಅಗತ್ಯವೇ ಇಲ್ಲ. ಸೇಲ್ಸ್ ಮ್ಯಾನೇಜರಿಗೂ ಅವನಿಗೂ ದಿನಾ ವಾದ. ನಮ್ಮ ಕಫೀಲ್, ಕಂಪನಿಯ ಒಮಾನಿ ಯಜಮಾನರು, ನ್ಯಾಯವಂತ ಮನುಷ್ಯ. ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು, "ಪ್ರಪಂಚದ ಲೆಕ್ಕ ನನಗೆ ಬೇಡ. ನಮ್ಮ ಸುತ್ತಲಿನ ಜನ ಯಾವುದನ್ನು ಬಳಸುತ್ತಾರೆ, ಎಣಿಸಿ ಹೇಳಿ. ಖಲಾಸ್" ಎಂದರು. ಎಣಿಸುವವನು ಯಾವ ಕಡೆಯವನೂ ಆಗಿರಬಾರದು. ಹಾಗಾಗಿ ಟೈಪ್ ಮಾಡುವ ನನ್ನ ಮೇಲೆ ಬಂತು.

ಮಧ್ಯಾಹ್ನ ಒಂದರಿಂದ ನಾಲ್ಕು ಆಫೀಸು ಮುಚ್ಚಿರುತ್ತಿತ್ತು. ಎಲ್ಲರೂ ಉಂಡು ಮಲಗುವ ಹೊತ್ತು, ಫೋನಿನ ಲೈನು ಖಾಲಿ. ಮೋಡೆಮ್ ಕಿರುಚಿ ಕಿರುಚಿ ಸುಮ್ಮನಾದ ಮೇಲೆ ನಾನು ಶುರು ಮಾಡುತ್ತಿದ್ದೆ. ಗೆಳೆಯ ಕಲಿಸಿದ್ದು ಇಷ್ಟೇ: ಕಪ್ಪು ಪರದೆಯಲ್ಲಿ ವೆಬ್‌ಸೈಟಿನ ಹೆಸರು ಕೊಡಬೇಕು, ಒಂದು ಪುಟ್ಟ ಸಾಲು ಟೈಪ್ ಮಾಡಬೇಕು, ಎರಡು ಸಲ ಎಂಟರ್ ಒತ್ತಬೇಕು. ಆ ಕಡೆಯಿಂದ ನಾಲ್ಕಾರು ಸಾಲು ಬರುತ್ತವೆ. ಅದರಲ್ಲೊಂದು ಸಾಲಿನಲ್ಲಿ ಸರ್ವರ್ ತನ್ನ ಹೆಸರನ್ನು ತಾನೇ ಹೇಳುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಒಂದು ಕಡ್ಡಿ ಎಳೆಯುತ್ತಿದ್ದೆ. ನಾಲ್ಕು ಕಡ್ಡಿಗೆ ಅಡ್ಡ ಒಂದು.

ಆ ಕೆಲಸ ನನಗೆ ಎಷ್ಟು ಹಿಡಿಸಿತೆಂದರೆ ಊಟವನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದೆ. ಮಸ್ಕತ್ತಿನ ಹೋಟೆಲು, ದುಬೈಯ ಹಡಗಿನ ಕಂಪನಿ, ಸೊಹಾರಿನ ಆಸ್ಪತ್ರೆ, ಯಾರನ್ನು ಕೇಳಿದರೂ ಉತ್ತರ. ಸ್ಟೋರ್ ಹೆಲ್ಪರನೊಬ್ಬ ಕೇಳುತ್ತಿದ್ದಾನೆಂದು ಯಾವ ಯಂತ್ರವೂ ಮುಖ ತಿರುಗಿಸಲಿಲ್ಲ.

ಗೆಳೆಯ ಒಂದೇ ಒಂದು ನಿಯಮ ಹೇಳಿದ್ದ. "ಹೆಸರು ಬುಕ್ ಮಾಡಿ ಸುಮ್ನ ಇಟ್ಟಿರ್ತಾರ. ಒಳಗ ಏನೂ ಇರೂದಿಲ್ಲ. ಅಂಥವು ಎಣಿಸಬ್ಯಾಡ. ಶಟರ್ ಮ್ಯಾಲೆ ಬೋರ್ಡು ಬಡದು ಕುಂತ್ರ ಅಂಗಡಿ ಆಗಂಗಿಲ್ಲ."

"ಆಯ್ತು ಮಾರಾಯ, ಖಾಲಿ ಬೋರ್ಡು ಲೆಕ್ಕಕ್ಕಿಲ್ಲ" ಎಂದೆ. ಈ ಮಾತು ನಮ್ಮಿಬ್ಬರ ನಡುವೆ ಮಾತ್ರ ನಡೆದದ್ದು. ಕಫೀಲರಿಗಾಗಲಿ ಮ್ಯಾನೇಜರಿಗಾಗಲಿ ಗೊತ್ತಿರಲಿಲ್ಲ.

ಎರಡನೆಯ ವಾರ ಸೇಲ್ಸ್ ಮ್ಯಾನೇಜರ್ ನನಗೂ ಒಂದು ಚಹಾ ಹಿಡಿದು ಬಂದರು. ಅವರು ಹಿಂದಿಯವರು, ಮಾತು ಹಿಂದಿಯಲ್ಲೇ.

"ಅರೇ ಭಾಯ್, ನಿನ್ನ ಮಗಳಿಗೆ ಎಷ್ಟು ವಯಸ್ಸು?"

"ನಾಲ್ಕು, ಸರ್."

"ನೀನು ನೋಡಿದ್ದು?"

"ಎರಡು ಸಲ."

ಅವರು ಸ್ವಲ್ಪ ಹೊತ್ತು ಚಹಾ ಕುಡಿದರು. "ಹೆಲ್ಪರ್ ಅಂತ ಇದ್ದರೆ ಫ್ಯಾಮಿಲಿ ವೀಸಾ ಸಿಗೋದಿಲ್ಲ. ಕಂಪ್ಯೂಟರ್ ಆಪರೇಟರ್ ಅಂತ ಬದಲಾಯಿಸಬಹುದು. ನಾನೇ ಮಾತಾಡ್ತೇನೆ. ಮೊದಲು ನಿನ್ನ ಎಣಿಕೆ ಮುಗಿಯಲಿ" ಎಂದು ಎದ್ದುಹೋದರು. ಹೀಗೆ ಬರೆ, ಹಾಗೆ ಬರೆ ಎಂದು ಅವರು ಹೇಳಲಿಲ್ಲ. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ.

ಆ ಹೊತ್ತಿಗೆ ನನ್ನ ನೋಟ್‌ಬುಕ್ಕಿನಲ್ಲಿ ಕೌದಿಯೇ ಮುಂದಿತ್ತು. ಆಮೇಲೆ ಗಡಿಯ ಊರು ಬುರೈಮಿಯ ಒಂದು ಯಂತ್ರ ಸಿಕ್ಕಿತು. ಅಲ್ಲಿಯ ವ್ಯಾಪಾರಿಯೊಬ್ಬ ಮುಂದೊಂದು ದಿನ ಮಾರಬಹುದೆಂದು ರಾಶಿ ರಾಶಿ ಹೆಸರು ಬುಕ್ ಮಾಡಿದ್ದ. ಖರ್ಜೂರದ ಹೆಸರು, ಅತ್ತರಿನ ಹೆಸರು, ಒಂಟೆಯ ಹೆಸರು, ಊರು ಕೇರಿಯ ಹೆಸರು. ಎಲ್ಲವೂ ಒಂದೇ ಯಂತ್ರದಲ್ಲಿ. ಯಾವುದನ್ನು ತೆರೆದರೂ ಹಳದಿ ಟೊಪ್ಪಿಯ ಒಬ್ಬ ಮನುಷ್ಯ ಮಣ್ಣು ಅಗೆಯುತ್ತಿರುವ ಅದೇ ಚಿತ್ರ, ಕಾಮಗಾರಿ ನಡೆದಿದೆ ಎಂಬ ಅದೇ ಸಾಲು. ಆ ಯಂತ್ರದಲ್ಲಿದ್ದದ್ದು ರಗ್ಗು.

ನಾನು ಒಂದೊಂದಾಗಿ ಕೇಳಿದೆ. ಪ್ರತಿಯೊಂದೂ ರಗ್ಗು ಎಂದು ಉತ್ತರ ಕೊಟ್ಟಿತು. ಪ್ರತಿಯೊಂದಕ್ಕೂ ಒಂದು ಕಡ್ಡಿ ಎಳೆದೆ. ಮೂರು ಮಧ್ಯಾಹ್ನ ಅದೇ ಕೆಲಸ. ಇಲ್ಲದ ಕಡ್ಡಿ ಒಂದನ್ನೂ ಹಾಕಲಿಲ್ಲ. ಕೇಳಿದ್ದೇನೆ, ಉತ್ತರ ಬಂದಿದೆ, ಬರೆದಿದ್ದೇನೆ, ಇದರಲ್ಲಿ ಸುಳ್ಳೆಲ್ಲಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೂರನೆಯ ದಿನ ರಗ್ಗು ಮುಂದಾಯಿತು. ಅಲ್ಲಿಗೆ ಎಣಿಕೆ ನಿಲ್ಲಿಸಿದೆ.

ವರದಿ ಟೈಪ್ ಮಾಡಿ ಗೆಳೆಯನ ಮುಂದಿಟ್ಟೆ. ಸಭೆಯಲ್ಲಿ ಓದಬೇಕಾದವನು ಅವನು, ಅವನ ಇಂಗ್ಲಿಷ್ ಚೆನ್ನಾಗಿತ್ತು. "ಮೊದಲು ಒಂದ್ಸಲ ನೋಡು ಮಾರಾಯ" ಎಂದೆ. ಅವನು ನೋಡಬೇಕೆಂದು ಬಯಸಿದ್ದೆನೋ, ನೋಡಲಾರನೆಂದು ಗೊತ್ತಿದ್ದೇ ಹೇಳಿದೆನೋ, ಇವತ್ತಿಗೂ ನನಗೆ ತಿಳಿಯದು.

"ನೀ ಎಣಿಸೀದಿ ಅಂದ ಮ್ಯಾಲೆ ನಾ ಯಾಕ ನೋಡ್ಲಿ?" ಎಂದು ಮಡಚಿ ಜೇಬಿಗೆ ಹಾಕಿದ.

ಸಭೆಯಲ್ಲಿ ಹತ್ತು ಜನರಿದ್ದೆವು. ಅವನು ಎದ್ದು ನಿಂತು ಓದತೊಡಗಿದ. ಕೊನೆಯ ಸಾಲಿಗೆ ಬರುವಾಗ ದನಿ ನಿಧಾನವಾಯಿತು. ಓದಿದ್ದನ್ನೇ ಇನ್ನೊಮ್ಮೆ ಮನಸ್ಸಿನಲ್ಲಿ ಓದಿಕೊಂಡ. ಆಮೇಲೆ ಕಾಗದವನ್ನು ಕಫೀಲರ ಮುಂದಿಟ್ಟು, ಲೆಕ್ಕ ಹೀಗಿದ್ದರೆ ಹೀಗೇ ಸರ್, ನಾನು ಅಂದುಕೊಂಡದ್ದು ತಪ್ಪು ಎಂದ. ಎಲ್ಲರ ಮುಂದೆ ಹೇಳಿದ.

ಇಳಿಯುವಾಗ ಮೆಟ್ಟಿಲ ಮೇಲೆ ನನ್ನ ಹೆಗಲಿಗೆ ಕೈ ಹಾಕಿ ಕೇಳಿದ. "ಖಾಲಿ ಬೋರ್ಡು ಬಿಟ್ಟೀದಿ, ಹೌದಲ್ಲೊ?"

"ಹೌದು" ಎಂದೆ.

ಸುಳ್ಳು ಹೇಳಲಿಲ್ಲ, ಬರೀ ಎಣಿಸಿದೆ ಎಂದು ಎಷ್ಟೋ ವರ್ಷ ನನ್ನನ್ನು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಮೆಟ್ಟಿಲ ಮೇಲಿನ ಆ ಒಂದು ಮಾತು ಸುಳ್ಳೇ. ಅವನು ಹೆಗಲಿನ ಕೈ ತೆಗೆಯಲಿಲ್ಲ.

ಕಂಪನಿ ರಗ್ಗನ್ನೇ ಆರಿಸಿತು, ಗೆಳೆಯನ ಕೋಣೆ ಮುಚ್ಚಿತು. ವರದಿಯಿಂದ ಇನ್ನೊಂದು ವಿಚಿತ್ರವೂ ಆಯಿತು. ನನ್ನ ಲೆಕ್ಕದಲ್ಲಿ ಬುರೈಮಿ ತುಂಬಾ ವೆಬ್‌ಸೈಟುಗಳ ಊರಾಗಿ ಕಂಡಿತ್ತಲ್ಲ, ಅಲ್ಲಿ ಒಳ್ಳೆಯ ಮಾರುಕಟ್ಟೆ ಇದೆಯೆಂದು ಕಂಪನಿ ಒಂದು ಶಾಖೆ ತೆರೆಯಿತು. ಘಾಲಾದಲ್ಲಿ ಕೆಲಸವಿಲ್ಲದ ಗೆಳೆಯನನ್ನೇ ಅಲ್ಲಿಗೆ ಕಳಿಸಿದರು. ಇಲ್ಲದ ಗಿರಾಕಿಗಳನ್ನು ಹುಡುಕಿಕೊಂಡು ಒಬ್ಬ ಇಂಜಿನಿಯರು ಗಡಿಯ ಊರಿಗೆ ಹೋದ. ಕೊನೆಗೆ ಅಲ್ಲಿ ಪ್ರಿಂಟರಿನ ಶಾಯಿ ಮಾರಿದ. ಶಾಖೆ ಮುಚ್ಚಿದ ಮೇಲೆ ಅದೇ ಬೀದಿಯಲ್ಲಿ ಬೇರೊಬ್ಬರ ಅಂಗಡಿ ನೋಡಿಕೊಂಡು ಉಳಿದುಬಿಟ್ಟ.

ನನ್ನ ಬತಾಕದಲ್ಲಿ ಕಂಪ್ಯೂಟರ್ ಆಪರೇಟರ್ ಎಂದು ಬಂತು. ಹೆಂಡತಿ, ಮಗಳು ಬಂದರು. ಏರ್‌ಪೋರ್ಟಿನಲ್ಲಿ ಮಗಳು ಅಮ್ಮನ ಸೀರೆಯ ಹಿಂದೆ ಅಡಗಿ, ಇವರು ಯಾರು ಎಂದು ಕೇಳಿದ್ದನ್ನು ಮರೆಯಲಾರೆ. ಗೆಳೆಯ ಬುರೈಮಿಗೆ ಹೊರಡುವ ಹಿಂದಿನ ದಿನ ಅಕ್ಕ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಗಂಟು. "ಕೂಸಿಗೆ ಎ.ಸಿ. ಥಂಡಿ ಆಗಿಬರೂದಿಲ್ಲ. ಹೊಚ್ಚರಿ" ಎಂದು ಬಿಚ್ಚಿದರು. ಒಂದು ಪುಟ್ಟ ಕೌದಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲೇ ಕುಳಿತು ಹೊಲಿದದ್ದು. ಅದರಲ್ಲಿ ಅವರದೇ ಎರಡು ಸೀರೆ, ಗೆಳೆಯ ಆಫೀಸಿಗೆ ಹಾಕಿಕೊಂಡು ಬರುತ್ತಿದ್ದ ಒಂದು ನೀಲಿ ಶರ್ಟು ಇದ್ದವು. ಆ ನೀಲಿ ತುಂಡು ಯಾವಾಗಲೂ ಮಗಳ ಎದೆಯ ಮೇಲೆ ಬರುತ್ತಿತ್ತು. ನಾನು ತಿರುಗಿಸಿ ಹೊದೆಸುತ್ತಿದ್ದೆ.

ಘಾಲಾದ ಚರ್ಚಿನಲ್ಲಿ ಪ್ರತಿ ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋಗುವವನು ನಾನು. ಸಿಟ್ಟು ಮಾಡಿದ್ದು, ಕುಡಿದದ್ದು, ಪ್ರಾರ್ಥನೆ ತಪ್ಪಿಸಿದ್ದು ಎಲ್ಲ ಹೇಳಿದೆ. ಇದನ್ನು ಹೇಳಲಿಲ್ಲ.

ಮುಂದೆ ಎಷ್ಟೋ ವರ್ಷ ಪ್ರಪಂಚದ ಲೆಕ್ಕದಲ್ಲಿ ಕೌದಿಯೇ ಮುಂದಿತ್ತು. ಒಮ್ಮೆ ಫೋನಿನಲ್ಲಿ, "ಕೌದಿಯೇ ಗೆಲ್ತಾ ಉಂಟಂತೆ ಮಾರಾಯ" ಎಂದೆ. "ಇರಬೋದು. ನನಗೇನ್ ತಿಳೀತದ" ಎಂದ. ಆಮೇಲೆ ಯಾವ ವಿಷಯಕ್ಕೂ ಅವನದು ಅದೇ ಮಾತು. ಮೊದಲು ಮೇಜು ಗುದ್ದಿ ವಾದ ಮಾಡುತ್ತಿದ್ದವನು.

ಈಗ ಹೆಂಡತಿ ತೀರಿಕೊಂಡು ಎರಡು ವರ್ಷ. ನಾನು ಅಲ್ ಗುಬ್ರಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಆ ನಾಲ್ಕು ವರ್ಷದ ಹುಡುಗಿ ಇಲ್ಲಿಯೇ ಓದಿ, ಇಲ್ಲಿಯೇ ಕೆಲಸಕ್ಕೆ ಸೇರಿದವಳು. ಕಳೆದ ತಿಂಗಳು ಗೆಳೆಯ ಫೋನ್ ಮಾಡಿದ. "ಮುಂದಿನ ವಾರ ಖಲಾಸ್, ದೋಸ್ತ. ಗದಗಕ್ಕ ಹೊಂಟ್ವಿ. ಇನ್ನ ಬರೂದಿಲ್ಲ."

ಹೇಳುವುದಾದರೆ ಈಗಲೇ, ಇಲ್ಲವಾದರೆ ಇಲ್ಲ. ಶುಕ್ರವಾರ ಬೆಳಿಗ್ಗೆ ಮಗಳಿಗೆ ಬುರೈಮಿಗೆ ಕರೆದುಕೊಂಡು ಹೋಗು ಎಂದೆ.

"ಪಪ್ಪಾ, ಫೋರ್ ಅವರ್ಸ್ ಡ್ರೈವ್. ವಿಡಿಯೊ ಕಾಲ್ ಮಾಡಿದ್ರೆ ಆಗಲ್ವಾ?"

"ಆಗುವುದಿಲ್ಲ."

ನನ್ನ ಮುಖ ನೋಡಿ ಅವಳು ಕಾರಿನ ಕೀಲಿ ತೆಗೆದುಕೊಂಡಳು. ಸೊಹಾರ್ ದಾಟಿ ಬೆಟ್ಟದ ದಾರಿ ಹಿಡಿದ ಮೇಲೆ ಕಾರಿನಲ್ಲಿ ಅವಳಿಗೆ ಮೊದಲು ಹೇಳಿದೆ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸೋ, ಐ ಕೇಮ್ ಬಿಕಾಸ್ ಆಫ್ ದಟ್" ಎಂದಳು. ಹೌದು ಎಂದೆ. ಈ ಸಲದ ಹೌದು ನಿಜವಾದದ್ದು.

ಅವರ ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಕೂರಲು ಎರಡೇ ಕುರ್ಚಿ ಉಳಿದಿದ್ದವು. ಅಕ್ಕ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದರು. ರೊಟ್ಟಿಯ ಹಂಚು ಮಾತ್ರ ಇನ್ನೂ ಒಲೆಯ ಮೇಲಿತ್ತು. ನಾನು ಬರುತ್ತೇನೆಂದು ಇಟ್ಟದ್ದು. ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಬುರೈಮಿಯ ಯಂತ್ರ, ಮೂರು ಮಧ್ಯಾಹ್ನ, ಮೆಟ್ಟಿಲು, ಎಲ್ಲ.

ಗೆಳೆಯ ಕೇಳಿ ಮುಗಿಸಿ, ಕನ್ನಡಕ ತೆಗೆದು ಒರೆಸಿಕೊಂಡ. "ಆ ಹಳದಿ ಟೊಪಿಗಿ ಮನಶ್ಯಾನ್ನ ಎಣಿಸಿದ್ಯಾ?"

"ಎಣಿಸಿದೆ."

"ಒಂದೂ ಬಿಡಲಾರದ?"

"ಒಂದೂ ಬಿಡಲಿಲ್ಲ ಮಾರಾಯ."

ಅವನು ನಗತೊಡಗಿದ. ಬಹಳ ನಕ್ಕ. "ಕೆಲಸ ಹೋತು, ಬರೋಬ್ಬರಿ. ಕೆಲಸ ಬ್ಯಾರೆ ಸಿಕ್ತು" ಎಂದ. "ಆದ್ರ ಅವತ್ತಿಂದ ನಾ ಯಾವುದನ್ನೂ ಖಾತ್ರಿಲೆ ಹೇಳ್ಲಿಲ್ಲ ನೋಡು. ಇಷ್ಟು ಗಟ್ಟಿ ಅನ್ಕೊಂಡಿದ್ದ ತಪ್ಪಾತು, ಇನ್ನ ಉಳಿದದ್ದರಾಗ ನನ್ನ ಬುದ್ಧಿ ಏನು ಅಂತ. ಮಗಳು ಯಾವ ಕಾಲೇಜು ಅಂತ ಕೇಳಿದ್ಲು. ನಿನಗ ತಿಳದದ್ದು ಮಾಡವ್ವಾ ಅಂದೆ." ಕನ್ನಡಕ ಮತ್ತೆ ಹಾಕಿಕೊಂಡು, "ಅಂದ್ರ ನಾ ಹೇಳಿದ್ದು ಖರೇನ ಇತ್ತು" ಎಂದ. ನನ್ನನ್ನು ಕೇಳಿದಂತಿರಲಿಲ್ಲ.

"ಖರೇ ಇತ್ತು" ಎಂದೆ. ಅವನ ಭಾಷೆಯಲ್ಲೇ ಹೇಳಿದೆ.

ಅವನು ಎದ್ದು ಬಂದು ನನ್ನ ಹೆಗಲಿಗೆ ಕೈ ಹಾಕಿದ. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

"ಇವರು ನಕ್ಕು ಬಿಡ್ತಾರ. ನಾ ಬಿಡಂಗಿಲ್ಲ" ಎಂದರು. "ಪ್ರತಿ ಶುಕ್ರವಾರ ನಿಮಗ ರೊಟ್ಟಿ ಬಡದು ಹಾಕೀನಿ. ಇವರು ರಾತ್ರಿ ಎಲ್ಲಾ ಗ್ವಾಡಿ ನೋಡಕೋತ ಕುಂತಾಗ ನಿಮ್ಮದು ತಪ್ಪಲ್ಲರಿ ಅಂತ ನಾ ಒಬ್ಬಾಕೀನ ಹೇಳೀನಿ. ನನಗ ಇವರು ಏನಂದ್ರು ಗೊತ್ತದ ಏನು? ಅಂವ ಎಣಿಸ್ಯಾನ, ಅಂವ ಸುಳ್ಳು ಹೇಳೂದಿಲ್ಲ ಅಂದ್ರು."

"ಇರ್ಲಿ ಬಿಡ" ಎಂದ ಗೆಳೆಯ.

"ನೀವು ಸುಮ್ನಿರ್ರಿ. ಹತ್ತು ಮಂದಿ ಎದುರಿಗೆ ತಪ್ಪಾತು ಅಂತ ಹೇಳಿಸ್ಯಾರ. ಈಗ ನಾಕು ಗ್ವಾಡಿ ನಡುವ ಬಂದು ಹೇಳಿದ್ರ ಮುಗೀತೇನು?" ನನ್ನ ಕಡೆ ತಿರುಗಿದರು. "ಬರೀರಿ. ಹತ್ತು ಮಂದಿ ಓದೂವಂಗ ಬರೀರಿ. ಲೆಕ್ಕ ಸರಿ ಮಾಡಿ ಬರೀರಿ. ಅಲ್ಲೀತನಕ ನಿಮಗ ರೊಟ್ಟಿ ಇಲ್ಲ."

ಹಂಚಿನ ಕೆಳಗೆ ಬೆಂಕಿ ಹೊತ್ತಲಿಲ್ಲ. ಬರೀ ಚಹಾ ಕೊಟ್ಟರು. ಆದರೆ ಹೊರಡುವಾಗ ಮಗಳ ಕೆನ್ನೆ ಸವರಿ, "ಕೌದಿ ಐತೇನವಾ ಇನ್ನೂ?" ಎಂದು ಕೇಳಿದರು.

"ಇದೆ ಆಂಟಿ. ಈಗ ನನ್ನ ಮಗನಿಗೆ ಹೊದೆಸ್ತೇನೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮನೆಗೆ ಬಂದು ಹಳೆಯ ಪೆಟ್ಟಿಗೆಯಿಂದ ನೋಟ್‌ಬುಕ್ ತೆಗೆದೆ. ಎಸೆಯಲು ಧೈರ್ಯವಾಗದೆ ಇಷ್ಟು ವರ್ಷ ಇಟ್ಟುಕೊಂಡದ್ದು. ಬುರೈಮಿಯ ಆ ಯಂತ್ರದ ಪುಟಗಳಲ್ಲಿ ಕಡ್ಡಿಗಳು ಬಹಳ ಅಚ್ಚುಕಟ್ಟಾಗಿವೆ, ಉಳಿದ ಪುಟಗಳಿಗಿಂತ ಅಚ್ಚುಕಟ್ಟು. ಪೆನ್ಸಿಲಿನಿಂದ ಅವುಗಳ ಮೇಲೆಲ್ಲ ಗೆರೆ ಎಳೆದು, ಮತ್ತೆ ಮೊದಲಿನಿಂದ ಎಣಿಸಿದೆ. ಎರಡು ಸಲ ಎಣಿಸಿದೆ. ಮಗಳೂ ಪಕ್ಕದಲ್ಲಿ ಕುಳಿತು ಒಂದು ಸಲ ಎಣಿಸಿದಳು. ನನ್ನ ವರದಿಯನ್ನು ತಿದ್ದಿ ಬರೆಯುವುದಾದರೆ ಹೀಗೆ: ಆಗ ನಮ್ಮ ಸುತ್ತಲಿನ ಜನ ಹೆಚ್ಚಾಗಿ ಬಳಸುತ್ತಿದ್ದದ್ದು ಕೌದಿಯನ್ನೇ. ಸ್ವಲ್ಪದರಲ್ಲಲ್ಲ, ಸ್ಪಷ್ಟವಾಗಿ. ನನ್ನ ಗೆಳೆಯ ಹೇಳಿದ್ದು ಸರಿಯಾಗಿತ್ತು. ಎಣಿಸಿದವನು ನಾನು, ತಪ್ಪಿದವನು ನಾನು.

ಇಲ್ಲಿಯವರೆಗೆ ಬರೆದದ್ದನ್ನು ನಿನ್ನೆ ಗದಗಕ್ಕೆ ಫೋನ್ ಮಾಡಿ ಓದಿ ಹೇಳಿದೆ. ಅಕ್ಕ ಕೇಳುತ್ತಿದ್ದರು. ಓದಿ ಮುಗಿಸಿದೆ. ಹಿಂದಿನಿಂದ ಗೆಳೆಯ ಯಾರೊಡನೆಯೋ ಮೇಜು ಗುದ್ದಿ ವಾದ ಮಾಡುತ್ತಿದ್ದುದು ಕೇಳಿಸುತ್ತಿತ್ತು.

ಕೊನೆಗೆ ಅಕ್ಕ ಕೇಳಿದರು: "ಊಟಾ ಆತೇನ್ರಿ?"